‘ಬಹುಶಃ’ ಬಿದ್ದುಹೋದ ಮೇಲೆ: ಸುಳ್ಳು ದಾಖಲೆ ದೇಶದ ಇತಿಹಾಸ ಆಗೋದು ಹೇಗೆ?

ಬನಶಂಕರಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಸಮಾಧಾನವಾಗಿ ಓದಿ.

ನಮ್ಮ ಬಡಾವಣೆಯಲ್ಲಿ ಒಂದು ಆಂಜನೇಯನ ಗುಡಿ ಇದೆ. ಸೈಟುಗಳು ಆಗುವ ಮೊದಲು ಇಲ್ಲಿ ಹಳ್ಳಿ ಇತ್ತು. ಆ ಹಳ್ಳಿಯವರ ಗುಡಿ ಅದು. ಇಪ್ಪತ್ತೈದು ವರ್ಷದ ಹಿಂದೆ ಜೀರ್ಣೋದ್ಧಾರ ಆಯಿತು. ಕುಂಭಾಭಿಷೇಕಕ್ಕೆ ಸ್ಮರಣ ಸಂಚಿಕೆ ತಂದರು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದವನು. ‘ಮೇಷ್ಟ್ರೇ, ಗುಡಿಯ ಇತಿಹಾಸ ನೀವೇ ಬರೆದುಕೊಡಿ’ ಅಂದರು. ನನ್ನ ಹತ್ತಿರ ಆಧಾರ ಏನೂ ಇರಲಿಲ್ಲ. ಮುಂದಿನ ಕಂಬ ನೋಡಿ ‘ಬಹುಶಃ ಚೋಳರ ಕಾಲದ್ದಿರಬಹುದು’ ಅಂತ ಒಂದು ಸಾಲು ಬರೆದೆ. ಎರಡು ಪುಟ ತುಂಬಬೇಕಿತ್ತು, ತುಂಬಿಸಿದೆ.

ಹೋದ ತಿಂಗಳು ಕಮಿಟಿಯವರು ಹೊಸ ಗ್ರಾನೈಟ್ ಫಲಕದ ಕರಡು ತಂದು ತೋರಿಸಿದರು. ‘ಚೋಳ ಚಕ್ರವರ್ತಿ ರಾಜೇಂದ್ರನಿಂದ ಸ್ಥಾಪಿತವಾದ, ಸಾವಿರ ವರ್ಷಗಳ ಇತಿಹಾಸವಿರುವ’ ಅಂತ ಶುರುವಾಗುತ್ತದೆ. ಯಾರು ಹೇಳಿದ್ದು ಅಂತ ಕೇಳಿದೆ. ಕಮಿಟಿಯ ಹುಡುಗ ಮೊಬೈಲಿನಲ್ಲಿ ಒಂದು ಪುಟ ತೋರಿಸಿದ. ಅದಕ್ಕೆ ಆಧಾರ ಯಾವುದೋ ಪತ್ರಿಕೆಯ ಪುರವಣಿ. ಹುಡುಕಿ ಆ ಪುರವಣಿ ತರಿಸಿ ನೋಡಿದೆ. ಅದಕ್ಕೆ ಆಧಾರ ನಮ್ಮ ಸ್ಮರಣ ಸಂಚಿಕೆ. ಅಂದರೆ ನಾನು. ನಾನು ಬರೆದ ‘ಬಹುಶಃ’ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ರಾಜೇಂದ್ರ ಎಲ್ಲೋ ಸೇರಿಕೊಂಡಿದ್ದ.

ಇದರಲ್ಲಿ ಯಾರೂ ಬೇಕಂತ ಸುಳ್ಳು ಹೇಳಿಲ್ಲ. ಅದೇ ನನ್ನನ್ನು ಕಾಡುತ್ತಿರುವುದು. ನಾಲ್ಕು ಜನ ಒಳ್ಳೆಯವರು, ಒಬ್ಬರ ಮಾತು ಒಬ್ಬರು ನಂಬಿ, ಇಲ್ಲದ್ದನ್ನು ಕಲ್ಲಿಗೆ ತಂದಿದ್ದೇವೆ. ಇನ್ನು ಬೇಕಂತಲೇ ಒಬ್ಬ ದಾಖಲೆ ಸೃಷ್ಟಿಸಿ ಮಧ್ಯೆ ಇಟ್ಟರೆ ಏನಾಗಬಹುದು? ಇಡೀ ದೇಶ ಹೀಗೆ ನಂಬಿದ್ದು ಉಂಟಾ ಅಂತ ಓದಲು ಕೂತೆ. ಉಂಟು.

ಈಗ ಜೆಕ್ ದೇಶ ಅನ್ನುತ್ತೇವಲ್ಲ, 200 ವರ್ಷದ ಹಿಂದೆ ಅದು ಆಸ್ಟ್ರಿಯಾ ಚಕ್ರವರ್ತಿಯ ಕೈಕೆಳಗಿತ್ತು. ಕಚೇರಿ, ಕಾಲೇಜು, ದೊಡ್ಡವರ ಮನೆ ಎಲ್ಲ ಕಡೆ ಜರ್ಮನ್. ಜೆಕ್ ಅಂದರೆ ಹಳ್ಳಿಯವರ, ಆಳುಕಾಳುಗಳ ಮಾತು ಅನ್ನುವ ಭಾವನೆ. ಜರ್ಮನ್ನರಿಗೆ, ರಷ್ಯನ್ನರಿಗೆ ಹಳೆಯ ವೀರಕಾವ್ಯ ಇದ್ದವು. ಜೆಕ್ಕರಿಗೆ ಅಂಥದ್ದು ಬೇಕಿತ್ತು. 1817ರ ಸೆಪ್ಟೆಂಬರಿನಲ್ಲಿ ವಾತ್ಸ್ಲಾವ್ ಹಾಂಕಾ ಎಂಬ ತರುಣ ಪಂಡಿತನಿಗೆ ದ್ವೂರ್ ಕ್ರಾಲೊವೆ ಅನ್ನುವ ಊರಿನ ಚರ್ಚಿನಲ್ಲಿ ಹಳೆಯ ಚರ್ಮದ ಹಾಳೆಗಳು ‘ಸಿಕ್ಕವು’. ಅದರ ತುಂಬ ಜೆಕ್ ವೀರಗೀತೆಗಳು. 13ನೇ ಶತಮಾನದ್ದು ಅಂದ. 1818ರಲ್ಲಿ ಪ್ರಾಗ್ ನಗರದಲ್ಲಿ ರಾಷ್ಟ್ರೀಯ ಮ್ಯೂಸಿಯಂ ಶುರುವಾಯಿತು. ಅದೇ ವರ್ಷ ಅಲ್ಲಿನ ದೊಡ್ಡ ಅಧಿಕಾರಿ ಕೊಲೊವ್ರಾಟ್ ಅವರಿಗೆ ಹೆಸರಿಲ್ಲದ ಒಂದು ಟಪಾಲು ಬಂತು. ಅದರಲ್ಲಿ ಇನ್ನೂ ಹಳೆಯ ಹಸ್ತಪ್ರತಿ. ಪ್ರಾಗ್ ಕಟ್ಟಿದಳು ಅಂತ ಜನ ಹೇಳುವ ರಾಣಿ ಲಿಬುಷೆಯ ನ್ಯಾಯದ ಕಥೆ. ಜರ್ಮನ್ನರ ಹಂಗಿಲ್ಲದೆ ನಮ್ಮಲ್ಲೂ ಕಾನೂನು ಇತ್ತು, ಬರಹ ಇತ್ತು ಅಂತ ಅದರಲ್ಲಿತ್ತು. ಜನಕ್ಕೆ ಯಾವ ಮಾತು ಕೇಳಬೇಕಿತ್ತೋ ಸರಿಯಾಗಿ ಅದೇ ಮಾತು.

ಹಾಂಕಾನ ಗುರು ಯೋಸೆಫ್ ದೊಬ್ರೊವ್‌ಸ್ಕಿ. ಜೆಕ್ ಭಾಷೆಗೆ ವ್ಯಾಕರಣ ಬರೆದ ಮಹಾನುಭಾವ. ಎರಡನೇ ಹಸ್ತಪ್ರತಿ ನೋಡಿ ಇದು ನಕಲಿ ಅಂದರು. ಮೊದಲನೆಯದನ್ನು ಅವರೂ ನಂಬಿದ್ದರು, ಅದು ಬೇರೆ ಮಾತು. ‘ದೇಶಾಭಿಮಾನ ಸಾಲದು’ ಅಂತ ಅವರನ್ನೇ ಜರೆದರು. ಆಮೇಲೆ ಹಾಂಕಾ ಅದೇ ಮ್ಯೂಸಿಯಂನ ಗ್ರಂಥಪಾಲಕನಾಗಿ ಇದ್ದ. ಹಸ್ತಪ್ರತಿಗಳೂ ಅಲ್ಲೇ ಇದ್ದವು. ಜೆಕ್ ಜನ ರಾಷ್ಟ್ರಪಿತ ಅಂತ ಕರೆಯುವ ಇತಿಹಾಸಕಾರ ಪಲಾಟ್ಸ್ಕಿ ಅವುಗಳನ್ನು ಅಸಲಿ ಅಂತ ನಂಬಿ, 1840ರಲ್ಲಿ ಇನ್ನೊಬ್ಬ ವಿದ್ವಾಂಸರ ಜೊತೆ ಸೇರಿ ಸಮರ್ಥನೆಯನ್ನೂ ಬರೆದರು. ಕಥೆ ಇತಿಹಾಸದ ಪುಸ್ತಕಕ್ಕೆ ಹೋಯಿತು. ಅಲ್ಲಿಂದ ಶಿಲ್ಪಕ್ಕೆ, ಚಿತ್ರಕ್ಕೆ, ರಂಗಕ್ಕೆ. 1881ರಲ್ಲಿ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರ ಬಾಗಿಲು ತೆರೆದಾಗ ಆಡಿದ್ದು ಲಿಬುಷೆಯ ಸಂಗೀತ ನಾಟಕ. ಊರಿನ ದೊಡ್ಡ ಸೇತುವೆಯ ಮೇಲೆ ಆ ಗೀತೆಗಳ ವೀರರ ಪ್ರತಿಮೆ ನಿಂತವು.

ಈಗ ಹೇಳಿ. ಪ್ರತಿಮೆ ನೋಡುತ್ತಾ ಬೆಳೆದ ಹುಡುಗನಿಗೆ ‘ಈ ವೀರ ಇರಲೇ ಇಲ್ಲ’ ಅಂದರೆ ಅವನು ನಂಬುತ್ತಾನಾ?

ಜಯನಗರ ನಾಲ್ಕನೇ ಬ್ಲಾಕ್:
ಮೇಷ್ಟ್ರೇ, ಎಷ್ಟು ಚೆನ್ನಾಗಿ ಹೇಳಿದ್ದೀರಿ. ಆದರೆ ಕೊನೆಗೆ ಸಿಕ್ಕಿಬಿದ್ದದ್ದು ಹೇಗೆ? ಅಷ್ಟು ವರ್ಷ ಯಾರೂ ಕೇಳಲೇ ಇಲ್ವಾ?

ಬನಶಂಕರಿ ಮೇಷ್ಟ್ರು:
ಕೇಳಿದರು. ಕೇಳಿದವರಿಗೆ ಏನಾಯಿತು ಅನ್ನೋದು ಮುಖ್ಯ. 1858ರಲ್ಲಿ ಪ್ರಾಗ್‌ನ ಒಂದು ಜರ್ಮನ್ ಪತ್ರಿಕೆ ಇದು ಮೋಸ ಅಂತ ಬರೆಯಿತು. ಹಾಂಕಾ ಸಂಪಾದಕರ ಮೇಲೆ ಮಾನನಷ್ಟದ ದಾವೆ ಹಾಕಿ ಗೆದ್ದ. ಜರ್ಮನ್ ಪತ್ರಿಕೆ ಬರೆದದ್ದರಿಂದ ಜನರ ನಂಬಿಕೆ ಇನ್ನೂ ಗಟ್ಟಿಯಾಯಿತು. ನಮ್ಮನ್ನು ತುಳಿಯುವವರೇ ಹೇಳುತ್ತಿದ್ದಾರೆ ಅಂದಮೇಲೆ ಅದು ಸುಳ್ಳೇ ಇರಬೇಕು ಅಂತ.

1886ರಲ್ಲಿ ಮಾತು ತಿರುಗಿತು. ಈ ಸಲ ಹೇಳಿದವರು ಜೆಕ್ಕರೇ. ಯಾನ್ ಗೆಬೌವರ್ ಅಂತ ಭಾಷಾ ಪ್ರಾಧ್ಯಾಪಕರು. ನಿಜವಾದ ಹಳೆಯ ಜೆಕ್ ಬರಹಗಳನ್ನೆಲ್ಲ ಓದಿ, ಅಲ್ಲಿ ಎಲ್ಲೂ ಇಲ್ಲದ ರೂಪಗಳು ಈ ಹಸ್ತಪ್ರತಿಯಲ್ಲಿ ಮಾತ್ರ ಇವೆ ಅಂತ ಒಂದೊಂದಾಗಿ ತೋರಿಸಿದರು. ಅವರ ಲೇಖನ ಅಚ್ಚು ಹಾಕಿದ್ದು ತೊಮಾಷ್ ಮಸಾರಿಕ್ ನಡೆಸುತ್ತಿದ್ದ ಪತ್ರಿಕೆ. ಇಬ್ಬರನ್ನೂ ದೇಶದ್ರೋಹಿಗಳು ಅಂದರು. ಸುಳ್ಳಿನ ಮೇಲೆ ಕಟ್ಟಿದ ದೇಶ ನಿಲ್ಲುವುದಿಲ್ಲ ಅನ್ನೋದು ಮಸಾರಿಕ್ ಅವರ ವಾದ. 32 ವರ್ಷ ಆದಮೇಲೆ, 1918ರಲ್ಲಿ ಚೆಕೊಸ್ಲೊವಾಕಿಯಾ ಸ್ವತಂತ್ರವಾದಾಗ ಅದೇ ಮಸಾರಿಕ್ ಮೊದಲ ಅಧ್ಯಕ್ಷರಾದರು.

ಶಾಸನ ಓದುವ ಹುಡುಗಿ:
ಮೇಷ್ಟ್ರೇ ನಮಸ್ಕಾರ. ಭಾಷೆಯಿಂದ ಹಿಡಿಯೋದು ಅಂದಿರಲ್ಲ, ನನಗೆ ತುಂಬ ಇಷ್ಟದ ವಿಷಯ. ಸ್ವಲ್ಪ ಸೇರಿಸುತ್ತೇನೆ.

ಇದನ್ನು ಮೊದಲು ದೊಡ್ಡದಾಗಿ ಮಾಡಿ ತೋರಿಸಿದ್ದು ಇಟಲಿಯ ಲೊರೆಂಜೊ ವಲ್ಲಾ, 1440ರಲ್ಲಿ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದಲ್ಲಿ ಪಶ್ಚಿಮದ ಆಳ್ವಿಕೆಯನ್ನೇ ಪೋಪ್‌ಗೆ ದಾನ ಕೊಟ್ಟ ಅಂತ ಒಂದು ದಾನಪತ್ರ ಇತ್ತು. ನೂರಾರು ವರ್ಷ ಅದನ್ನು ಮುಂದಿಟ್ಟುಕೊಂಡು ಅಧಿಕಾರದ ಮಾತು ನಡೆದಿತ್ತು. ವಲ್ಲಾ ಅದರ ಲ್ಯಾಟಿನ್ ನೋಡಿದರು. ‘ಸತ್ರಪ’ ಅನ್ನುವ ಪದ ಇದೆ, ಪರ್ಷಿಯಾದ ಪ್ರಾಂತ್ಯಾಧಿಕಾರಿಗಳ ಹೆಸರು ಅದು. ಆ ಕಾಲದ ರೋಮಿನಲ್ಲಿ ತಮ್ಮ ಅಧಿಕಾರಿಗಳನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕಾನ್‌ಸ್ಟಾಂಟಿನೋಪಲ್ ನಗರದ ಮಾತು ಬರುತ್ತದೆ. ಪತ್ರ ಹೇಳುವ ಕಾಲಕ್ಕೆ ಆ ನಗರವೇ ಆಗಿರಲಿಲ್ಲ. ಅದು 8ನೇ ಶತಮಾನದ ಸುಮಾರಿಗೆ ಸೃಷ್ಟಿಯಾದದ್ದು ಅಂತ ಈಗ ಎಲ್ಲರೂ ಒಪ್ಪುತ್ತಾರೆ. ಒಂದು ಮಾತು ಮರೆಯಬಾರದು. ವಲ್ಲಾ ಆಗ ಪೋಪ್ ಜೊತೆ ಜಗಳದಲ್ಲಿದ್ದ ರಾಜನ ಆಶ್ರಯದಲ್ಲಿದ್ದರು. ಅವರಿಗೂ ಒಂದು ಪಕ್ಷ ಇತ್ತು. ಆದರೂ ವಾದ ನಿಂತಿದ್ದು ಪದಗಳ ಮೇಲೆ. ಯಾರ ಪಕ್ಷದವರು ಬೇಕಾದರೂ ಪರೀಕ್ಷೆ ಮಾಡಬಹುದಾದ ವಾದ ಅದು.

ಕನ್ನಡದಲ್ಲೂ ಹೀಗೇ ನೋಡುತ್ತೇವೆ. ಹಳಗನ್ನಡದ ‘ಪ’ ಆಮೇಲೆ ‘ಹ’ ಆಯಿತು. ಪಾಲು ಹಾಲಾಯಿತು, ಪತ್ತು ಹತ್ತಾಯಿತು. ಇದು ಶುರುವಾಗಿದ್ದು 9–10ನೇ ಶತಮಾನದ ಸುಮಾರಿಗೆ. 5ನೇ ಶತಮಾನದ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರೇ ‘ಪಲ್ಮಿಡಿ’ ಅಂತ ಇದೆ. ನಾಳೆ ಯಾರಾದರೂ ಒಂದು ಕಲ್ಲು ತಂದು, ಇದು ಕದಂಬರ ಕಾಲದ್ದು ಅಂದು, ಅದರಲ್ಲಿ ‘ಹಾಲು’, ‘ಹಳ್ಳಿ’ ಅಂತ ಇದ್ದರೆ ಅಲ್ಲೇ ಅನುಮಾನ. ಹಾಗೆಯೇ ಹಳೆಯ ‘ೞ’ ಅಕ್ಷರ. ಅದು ಬಾಯಿಂದ ಹೋದಮೇಲೆ ಬರೆದವರಿಗೆ ಎಲ್ಲಿ ೞ ಬರಬೇಕು, ಎಲ್ಲಿ ಳ ಬರಬೇಕು ಅನ್ನೋದು ಗೊಂದಲ. ಹಳೆಯದು ಅಂತ ಕಾಣಲಿ ಅಂತ ಹಾಕಲು ಹೋಗಿ ತಪ್ಪು ಜಾಗದಲ್ಲಿ ಹಾಕುತ್ತಾರೆ.

ರಾಜಾಜಿನಗರದಿಂದ:
ಕ್ಷಮಿಸಿ, ನನಗೆ ಈ ಚರ್ಚೆ ಹೋಗುತ್ತಿರುವ ದಾರಿ ಇಷ್ಟ ಆಗುತ್ತಿಲ್ಲ. ಯುರೋಪಿನ ಎರಡು ಕಥೆ ಹೇಳಿ, ಇನ್ನೇನು ನಮ್ಮದೆಲ್ಲ ಸುಳ್ಳು ಅನ್ನೋ ಹಂತಕ್ಕೆ ಬರುತ್ತೀರಿ. ನಮ್ಮ ಹಿರಿಯರು ಬರೆದದ್ದನ್ನು ಬ್ರಿಟಿಷರು ಒಂದು ಸಲ ಸುಳ್ಳು ಅಂದರು. ಈಗ ನಾವೇ ಅನ್ನಬೇಕಾ? ನನ್ನ ತಾತ ಸಂಸ್ಕೃತ ಪಂಡಿತರು. ಜೀವನ ಪೂರ್ತಿ ಓಲೆಗರಿ ಕಾಪಾಡಿದರು. ಅವರ ನೆನಪಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಕೋಪಕ್ಕಲ್ಲ.

ಬನಶಂಕರಿ ಮೇಷ್ಟ್ರು:
ನಿಮ್ಮ ಮಾತಿನಲ್ಲಿ ನೋವಿದೆ, ಅರ್ಥವಾಗುತ್ತದೆ. ನಮ್ಮದೆಲ್ಲ ಸುಳ್ಳು ಅಂತ ನಾನು ಹೇಳುವವನಲ್ಲ. ನಿಮ್ಮ ತಾತನವರು ಕಾಪಾಡಿದ ಓಲೆಗರಿಗೂ ಹಾಂಕಾನ ಹಾಳೆಗೂ ಒಂದೇ ಬೆಲೆ ಆಗಬಾರದು. ಅದಕ್ಕೇ ಇಷ್ಟೆಲ್ಲ ಬರೆದೆ.

ಆನೇಕಲ್ ಕಡೆಯವನು:
ಯುರೋಪ್ ಬಿಡಿ, ನಮ್ಮೂರಿನ ಮಾತು ಹೇಳುತ್ತೇನೆ. ನಾನು ಆನೇಕಲ್ಲಿನವನು. ಪಂಡಿತ ಸುಬ್ಬರಾಯ ಶಾಸ್ತ್ರಿಗಳು ನಮ್ಮೂರಿನವರು. ‘ವೈಮಾನಿಕ ಶಾಸ್ತ್ರ’ ಅಂತ ಕೇಳಿರುತ್ತೀರಿ. ಹಿಂದೆ ನಮ್ಮಲ್ಲಿ ವಿಮಾನ ಇತ್ತು ಅನ್ನೋದಕ್ಕೆ ಎಲ್ಲರೂ ತೋರಿಸುವ ಗ್ರಂಥ. ಚಿಕ್ಕವನಿದ್ದಾಗ ನನಗೂ ಅದರ ಬಗ್ಗೆ ಹೆಮ್ಮೆ. ಭಾಷಣ ಸ್ಪರ್ಧೆಯಲ್ಲಿ ಅದನ್ನೇ ಹೇಳಿ ಬಹುಮಾನ ತಗೊಂಡಿದ್ದೆ.

ಆಮೇಲೆ ಗೊತ್ತಾಯಿತು. ಶಾಸ್ತ್ರಿಗಳು ಅದನ್ನು 1918ರಿಂದ 1923ರ ನಡುವೆ ಬಾಯಲ್ಲಿ ಹೇಳಿ, ವೆಂಕಟಾಚಲ ಶರ್ಮರ ಕೈಲಿ ಬರೆಸಿದ್ದು. ಭರದ್ವಾಜ ಮಹರ್ಷಿಗಳ ಪ್ರೇರಣೆಯಿಂದ ಬಂತು ಅಂದರು. ಹಳೆಯ ಓಲೆಗರಿ ಅದಕ್ಕೆ ಇಲ್ಲ. ಚಿತ್ರಗಳನ್ನು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರ ಎಲ್ಲಪ್ಪ ಅನ್ನುವವರು ಬರೆದರು. ಮೈಸೂರಿನ ಜಿ.ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿದರು.

ಮರುವರ್ಷವೇ, 1974ರಲ್ಲಿ, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿಯ ಐದು ಜನ ಕೂತು ಅದನ್ನು ಪರೀಕ್ಷೆ ಮಾಡಿದರು. ಎಚ್.ಎಸ್. ಮುಕುಂದ ಅವರು, ಎಸ್.ಎಂ. ದೇಶಪಾಂಡೆ ಅವರು ಇದ್ದರು. ಮುಂದೆ ಯೋಗಕ್ಕೇ ಬದುಕು ಕೊಟ್ಟ ಎಚ್.ಆರ್. ನಾಗೇಂದ್ರ ಅವರೂ ಅದರಲ್ಲಿ ಒಬ್ಬರು. ನಮ್ಮ ಸಂಸ್ಕೃತಿ ಮೇಲೆ ಪ್ರೀತಿ ಇಲ್ಲದವರು ಅಂತ ಅವರನ್ನು ಯಾರೂ ಅನ್ನಲಾರರು. ಭಾಷೆ ನೋಡಿದರು. ವೇದಕಾಲದ ಸಂಸ್ಕೃತ ಅಲ್ಲ, ಈಚಿನದು. ವಿಮಾನಗಳ ಆಕಾರ, ತೂಕ, ಹಾರುವ ಬಗೆ ಲೆಕ್ಕ ಹಾಕಿದರು. ಹಾರುವುದಿಲ್ಲ. ಬರೆದವರಿಗೆ ವಿಮಾನ ಹಾರುವ ವಿಷಯ ಗೊತ್ತಿರಲಿಲ್ಲ ಅಂತ ನೇರವಾಗಿ ಬರೆದರು.

ಶಾಸ್ತ್ರಿಗಳನ್ನು ಮೋಸಗಾರ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಪ್ರೇರಣೆಯಿಂದ ಬಂತು ಅಂದರಲ್ಲ, ಅವರ ನಂಬಿಕೆ. ‘ಪ್ರೇರಣೆಯಿಂದ’ ಅನ್ನೋದನ್ನು ಬಿಟ್ಟು ‘ಸಾವಿರಾರು ವರ್ಷದ ಗ್ರಂಥ’ ಅಂತ ಮಾಡಿದವರು ಆಮೇಲಿನವರು. ಮೇಷ್ಟ್ರ ‘ಬಹುಶಃ’ ಬಿದ್ದುಹೋದ ಹಾಗೇ. 2015ರ ಜನವರಿಯಲ್ಲಿ ಮುಂಬೈನ ವಿಜ್ಞಾನ ಕಾಂಗ್ರೆಸ್‌ನಲ್ಲೂ ಪ್ರಾಚೀನ ವಿಮಾನದ ಮೇಲೆ ಪ್ರಬಂಧ ಓದಿದರು. ಬೆಂಗಳೂರಿನಲ್ಲಿ ಪರೀಕ್ಷೆ ಆಗಿ 41 ವರ್ಷ ಆಗಿತ್ತು.

ಹಳೇ ಕಾಗದ:
ಒಂದು ಸಣ್ಣ ಮಾತು. ನಾನು ಹಳೆಯ ಕಾಗದಪತ್ರ ದುರಸ್ತಿ ಕೆಲಸ ಮಾಡುತ್ತೇನೆ. ಹಾಂಕಾನ ಹಸ್ತಪ್ರತಿಯನ್ನು ಆಮೇಲೆ ಪ್ರಯೋಗಾಲಯದಲ್ಲೂ ನೋಡಿದರು. ಬರೆದಿರುವ ಚರ್ಮ ನಿಜವಾಗಿ ಹಳೆಯದು, ಅದರ ಮೇಲಿದ್ದ ಹಳೆಯ ಬರಹ ಕೆರೆದು ತೆಗೆದು ಮತ್ತೆ ಬರೆದಿದ್ದಾರೆ ಅನ್ನೋದು 1960ರ ದಶಕದ ಕೊನೆಗೆ ನಡೆದ ಪರೀಕ್ಷೆಯಲ್ಲಿ ಕಂಡಿತು. ಅದಕ್ಕೇ ಹೇಳೋದು, ಕಾಗದ ಹಳೆಯದಾದರೆ ಬರಹವೂ ಹಳೆಯದು ಅಂತ ಅಲ್ಲ. ನಮ್ಮ ಹತ್ತಿರವೂ ಜನ ಹಳೆಯ ಛಾಪಾ ಕಾಗದ ತರುತ್ತಾರೆ. ಕಾಗದ ಅಸಲಿ. ಅದರ ಮೇಲಿನ ಮಾತು ಯಾವಾಗ ಬರೆದದ್ದು ಅನ್ನೋದು ಬೇರೆ ಪ್ರಶ್ನೆ.

ಶಾಸನ ಓದುವ ಹುಡುಗಿ:
ಸರಿಯಾಗಿ ಹೇಳಿದಿರಿ. ತಾಮ್ರಪಟದಲ್ಲೂ ಇದೇ ಕಷ್ಟ. ರಾಜಾಜಿನಗರದ ಸರ್, ಬ್ರಿಟಿಷರು ಸುಳ್ಳು ಅಂದರು ಅಂದಿರಲ್ಲ, ಗಂಗರ ತಾಮ್ರಪಟಗಳ ಜಗಳ ನಿಮಗೆ ಹೇಳಲೇಬೇಕು. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ತಾಮ್ರಪಟ ಅಂದರೆ ತಾಮ್ರದ ಹಲಗೆಗಳು. ಒಂದು ತುದಿಗೆ ತೂತು, ಅದರಲ್ಲಿ ಬಳೆ, ಬಳೆಗೆ ರಾಜಮುದ್ರೆ. ಗಂಗರದ್ದಾದರೆ ಆನೆ, ಬಾದಾಮಿ ಚಾಲುಕ್ಯರದ್ದಾದರೆ ವರಾಹ. ಮೊದಲು ರಾಜನ ವಂಶಾವಳಿ, ಆಮೇಲೆ ಯಾರಿಗೆ ಯಾವ ಊರು ದಾನ, ಎಲ್ಲೆ ಎಲ್ಲಿಂದ ಎಲ್ಲಿಗೆ, ಕೊನೆಗೆ ದಾನ ಕಿತ್ತುಕೊಂಡವರಿಗೆ ಶಾಪ. ಅದು ಆ ಕಾಲದ ಭೂಮಿಯ ಹಕ್ಕುಪತ್ರ. ಇಷ್ಟು ಅರ್ಥವಾದರೆ ಕೂಟ ಶಾಸನ, ಅಂದರೆ ನಕಲಿ ಶಾಸನ, ಯಾಕೆ ಹುಟ್ಟುತ್ತದೆ ಅನ್ನೋದೂ ಅರ್ಥವಾಗುತ್ತದೆ. ಅಸಲಿ ಪಟ ಕಳೆದುಹೋಗಿರುತ್ತದೆ, ಬೆಂಕಿಗೆ ಸಿಕ್ಕಿರುತ್ತದೆ. ಅಥವಾ ಪಟ ಯಾವತ್ತೂ ಇರಲಿಲ್ಲ, ಉಳುಮೆ ಮಾತ್ರ ಇತ್ತು. ಪಕ್ಕದ ಊರಿನವರು ತಕರಾರು ತೆಗೆಯುತ್ತಾರೆ. ಆಗ ಒಂದು ಪಟ ಮಾಡಿಸುತ್ತಾರೆ. ರಾಜ ಎಷ್ಟು ಹಳಬನಾದರೆ ಹಕ್ಕು ಅಷ್ಟು ಗಟ್ಟಿ. ಮಾಡಿಸಿದವನ ತಲೆಯಲ್ಲಿ ಇತಿಹಾಸ ಇರಲಿಲ್ಲ. ಗದ್ದೆ ಇತ್ತು. ನಾಲ್ಕು ನೂರು ವರ್ಷ ಆದಮೇಲೆ ಗದ್ದೆ ಯಾರದ್ದೋ ಆಗಿ ಹೋಗಿ, ಪಟ ಮಾತ್ರ ಉಳಿದು, ಇತಿಹಾಸಕಾರರ ಕೈಗೆ ಬರುತ್ತದೆ.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದೇ ಬೆಂಗಳೂರಿನಲ್ಲಿ, 1837ರಲ್ಲಿ. ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳನ್ನು ಹೊರತಂದರು. ಅವರಿಗೆ ಸಿಕ್ಕ ಗಂಗರ ತಾಮ್ರಪಟಗಳಿಂದ ಗಂಗರ ವಂಶಾವಳಿ, ಕಾಲ ಜೋಡಿಸಿದರು. ಮುಂಬೈ ಪ್ರಾಂತ್ಯದ ಅಧಿಕಾರಿ ಜೆ.ಎಫ್. ಫ್ಲೀಟ್ ಅದನ್ನು ಒಪ್ಪಲಿಲ್ಲ. ಇವುಗಳಲ್ಲಿ ತುಂಬ ಕೂಟ ಶಾಸನ ಅಂದರು. ಮಡಿಕೇರಿಯ ತಾಮ್ರಪಟ ಒಂದು ಉದಾಹರಣೆ. ಗಂಗ ಅವಿನೀತನ ಹೆಸರು, ವರ್ಷ 388. ಶಕವರ್ಷ ಅಂತ ತೆಗೆದುಕೊಂಡರೆ ಕ್ರಿ.ಶ. 466. ಆದರೆ ಒಳಗೆ ‘ಅಕಾಲವರ್ಷ’ ಅನ್ನುವ ದೊರೆಯ ಮಂತ್ರಿಯ ಮಾತು ಬರುತ್ತದೆ. ಅಕಾಲವರ್ಷ ಅನ್ನೋದು ರಾಷ್ಟ್ರಕೂಟ ಕೃಷ್ಣರ ಬಿರುದು. ರಾಷ್ಟ್ರಕೂಟರು ಮೇಲೆ ಬಂದದ್ದೇ 8ನೇ ಶತಮಾನದಲ್ಲಿ. ವಲ್ಲಾಗೆ ಸಿಕ್ಕ ಸತ್ರಪನ ಹಾಗೆ ಇಲ್ಲಿ ಅಕಾಲವರ್ಷ ಸಿಕ್ಕಿದ.

ವರ್ಷಗಟ್ಟಲೆ ರೈಸ್ ಮತ್ತು ಫ್ಲೀಟ್ ಪತ್ರಿಕೆಗಳಲ್ಲಿ ವಾದ ಮಾಡಿದರು. ರೈಸ್ ಜಾಸ್ತಿ ನಂಬಿದರು, ಫ್ಲೀಟ್ ಜಾಸ್ತಿ ಅನುಮಾನಪಟ್ಟರು ಅಂತ ನನಗೆ ಅನ್ನಿಸುತ್ತದೆ. ಪೆನುಕೊಂಡದಲ್ಲಿ ಗಂಗ ಮಾಧವನ ತಾಮ್ರಪಟ ಸಿಕ್ಕಿತು. ಅದರ ಲಿಪಿ ನೋಡಿದ ಮೇಲೆ ಫ್ಲೀಟ್ ಅವರೇ ಇದು ಅಸಲಿ ಅಂತ ಒಪ್ಪಿದರು. ಹಾಗೆ ಒಪ್ಪಿದರು ಅನ್ನುವುದೇ ನನಗೆ ಅವರ ಮೇಲೆ ಗೌರವ. ಗಂಗರು ಇದ್ದರು. ಅವರ ಹೆಸರಿನಲ್ಲಿ ಮಾಡಿದ ಪಟಗಳಲ್ಲಿ ಕೆಲವು ಅವರದ್ದಲ್ಲ.

ಶಿವಮೊಗ್ಗ ಸೀಮೆಯಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಗೌಜ ಅಗ್ರಹಾರದ ತಾಮ್ರಪಟ ಜನಮೇಜಯ ಮಹಾರಾಜ ಸರ್ಪಯಾಗದ ಕಾಲಕ್ಕೆ ಕೊಟ್ಟದ್ದು ಅಂತ ಹೇಳುತ್ತದೆ. ಅದರಲ್ಲಿ ಹೇಳಿದ ಸೂರ್ಯಗ್ರಹಣವನ್ನು ಇಂಗ್ಲೆಂಡಿನ ಖಗೋಳಜ್ಞ ಏರಿ ಲೆಕ್ಕ ಹಾಕಿದಾಗ ಬಂದದ್ದು 1521ನೇ ಇಸವಿ.

ವಿಜಯನಗರದ ಅಮ್ಮ:
ನನಗೆ ಇಷ್ಟೆಲ್ಲ ಗೊತ್ತಿಲ್ಲ. ಒಂದು ಪ್ರಶ್ನೆ. ನನ್ನ ಮಗಳು ನಾಲ್ಕನೇ ಕ್ಲಾಸು. ‘ಬೆಂಗಳೂರಿಗೆ ಆ ಹೆಸರು ಹೇಗೆ ಬಂತು’ ಅಂತ ಅವಳಿಗೆ ಪ್ರಾಜೆಕ್ಟ್. ವೀರಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿದ, ಅಜ್ಜಿ ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಆಯಿತು ಅಂತ ನಮ್ಮಮ್ಮ ಹೇಳಿದ್ದನ್ನೇ ಬರೆಸಿದೆ. ಇದೂ ಸುಳ್ಳಾ?

ಶಾಸನ ಓದುವ ಹುಡುಗಿ:
ಅಕ್ಕಾ, ಅದು ಕಥೆ. ಅದಕ್ಕೆ ಯಾರೂ ನಕಲಿ ದಾಖಲೆ ಮಾಡಿಲ್ಲ, ಹಾಗಾಗಿ ಬೇಜಾರು ಮಾಡಿಕೊಳ್ಳಬೇಡಿ. ಆದರೆ ಹೆಸರಿನ ಮೂಲ ಅದಲ್ಲ. ವೀರಬಲ್ಲಾಳ ಆಳಿದ್ದು 1173ರಿಂದ 1220. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಶಾಸನ ಇದೆ, ಸುಮಾರು ಕ್ರಿ.ಶ. 890ರದ್ದು, ಗಂಗರ ಕಾಲದ್ದು. ಅದರಲ್ಲಿ ‘ಬೆಂಗಳೂರ ಕಾಳಗ’ದ ಮಾತಿದೆ. ಬಲ್ಲಾಳನಿಗಿಂತ ಸುಮಾರು 300 ವರ್ಷ ಮೊದಲೇ ಹೆಸರು ಇತ್ತು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಇನ್ನೂ ಹಳೆಯದು, ಸುಮಾರು 750ರದ್ದು. ಅದು 2018ರಲ್ಲಿ ಚರಂಡಿ ಕೆಲಸದ ಅಗೆತದ ಆಸುಪಾಸಿನಲ್ಲಿ ಮತ್ತೆ ಕಣ್ಣಿಗೆ ಬಿತ್ತು.

ಮಗಳಿಗೆ ಅಜ್ಜಿಯ ಕಥೆಯೂ ಬರೆಯಲು ಹೇಳಿ. ಕೆಳಗೆ ಬೇಗೂರಿನ ಕಲ್ಲಿನ ವಿಷಯ ಬರೆಯಲಿ. ಒಂದು ಭಾನುವಾರ ಕರೆದುಕೊಂಡು ಹೋಗಿ ತೋರಿಸಿ. ನಮ್ಮೂರಿನ ಹೆಸರು ಕಲ್ಲಿನಲ್ಲಿ ಇರೋದನ್ನು ಮಗು ಕಣ್ಣಾರೆ ನೋಡಲಿ.

ರಾಜಾಜಿನಗರದಿಂದ:
ಓದಿದೆ. ಗಂಗರ ವಿಷಯ ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ನಾನೂ ಒಂದು ಹೇಳುತ್ತೇನೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ಓಲೆಗರಿ ಕಟ್ಟು ತಂದು ಕೊಟ್ಟರು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಓದಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಕೇಳಿದ್ದ, ಕಳೆದೇ ಹೋಯಿತು ಅಂದುಕೊಂಡಿದ್ದ ಗ್ರಂಥ. 1909ರಲ್ಲಿ ಅಚ್ಚಾಯಿತು. ಇದನ್ನೂ ಒಬ್ಬರು ಆಗ ‘ಎಲ್ಲಿಂದಲೋ ಸಿಕ್ಕಿತು’ ಅಂದರೆ ನಂಬುತ್ತಿರಲಿಲ್ಲ ತಾನೇ? ‘ಸಿಕ್ಕಿತು’ ಅಂದದ್ದೆಲ್ಲ ಸುಳ್ಳಲ್ಲ.

ಬನಶಂಕರಿ ಮೇಷ್ಟ್ರು:
ಎಂಥ ಒಳ್ಳೆಯ ಉದಾಹರಣೆ ಕೊಟ್ಟಿರಿ! ನಾನು ಹುಡುಕುತ್ತಿದ್ದದ್ದೇ ಇದು. ನೋಡಿ, ಓಲೆಗರಿ ಗ್ರಂಥಾಲಯದಲ್ಲೇ ಉಳಿಯಿತು. ಬೇರೆಯವರು ಬಂದು ನೋಡಬಹುದಿತ್ತು. ಕೇರಳದ ಕಡೆ ಬೇರೆ ಪ್ರತಿಗಳು ಸಿಕ್ಕವು, ಅವುಗಳ ಸಹಾಯದಿಂದ ಗಣಪತಿಶಾಸ್ತ್ರಿಗಳು ತಿರುವನಂತಪುರದಲ್ಲಿ ಇನ್ನೊಂದು ಪರಿಷ್ಕರಣ ತಂದರು. ಗ್ರಂಥದ ಕಾಲ ಯಾವುದು, ಒಬ್ಬರೇ ಬರೆದದ್ದಾ ಅಂತ ವಿದ್ವಾಂಸರು ಇವತ್ತಿಗೂ ವಾದ ಮಾಡುತ್ತಾರೆ. ವಾದ ಮಾಡಿದ್ದಕ್ಕೆ ಅರ್ಥಶಾಸ್ತ್ರಕ್ಕೆ ಏನೂ ಕುಂದು ಬಂದಿಲ್ಲ. ಹಾಂಕಾನ ವಿಷಯದಲ್ಲಿ ವಾದ ಮಾಡಿದವರನ್ನು ಕೋರ್ಟಿಗೆ ಎಳೆದರು.

ಜಯನಗರ ನಾಲ್ಕನೇ ಬ್ಲಾಕ್:
ಎಲ್ಲ ಸರಿ, ಫಲಕ ಏನಾಯಿತು ಮೇಷ್ಟ್ರೇ? ಅದನ್ನು ಹೇಳಲೇ ಇಲ್ಲ.

ಬನಶಂಕರಿ ಮೇಷ್ಟ್ರು:
ನಿನ್ನೆ ಸಂಜೆ ಕಮಿಟಿ ಸಭೆ ಇತ್ತು. ನಾನು ಹೋಗಿ ಎಲ್ಲರ ಮುಂದೆ ಹೇಳಿದೆ: ಆ ಸಾಲು ಬರೆದವನು ನಾನು, ಆಧಾರ ಇರಲಿಲ್ಲ, ತಪ್ಪು ನನ್ನದು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಮಿಟಿಯ ಹಿರಿಯರೊಬ್ಬರು ಕೇಳಿದರು. ‘ಸಾವಿರ ವರ್ಷ ಅಂದರೆ ಜನ ಬರುತ್ತಾರೆ, ಗುಡಿ ಉಳಿಯುತ್ತದೆ. ಗೊತ್ತಿಲ್ಲ ಅಂತ ಬರೆದರೆ ಯಾರು ಬರುತ್ತಾರೆ ಮೇಷ್ಟ್ರೇ?’ ಅವರ ಮಾತಲ್ಲಿ ಕಪಟ ಇರಲಿಲ್ಲ. ಎರಡು ಕಡೆ ಅಪಾರ್ಟ್‌ಮೆಂಟ್ ಎದ್ದಿವೆ. ಗುಡಿಯ ಜಾಗದ ಮೇಲೆ ಯಾರದೋ ಕಣ್ಣಿದೆ ಅನ್ನೋ ಭಯ ಎಲ್ಲರಿಗೂ ಇದೆ. ತಾಮ್ರಪಟ ಮಾಡಿಸಿದವರ ಭಯವೂ ಇಂಥದ್ದೇ ಇತ್ತೇನೋ. ನನಗೆ ಅವರಿಗೆ ಉತ್ತರ ಕೊಡಲು ಆಗಲಿಲ್ಲ.

ಕೆತ್ತುವವರು ಅಕ್ಷರದ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾರೆ. ‘ಹಿರಿಯರು ಹೇಳುವಂತೆ’ ಅಂತ ಸೇರಿಸಿದರೆ ಖರ್ಚು ಹೆಚ್ಚು ಅಂತ ಖಜಾಂಚಿ ಹೇಳಿದರು. ಅದನ್ನು ನಾನು ಕೊಡುತ್ತೇನೆ ಅಂದೆ. ಆಗ ಪೂಜಾರಪ್ಪನವರ ಹೆಂಡತಿ ಮಾತಾಡಿದರು. ಅವರು ಇಲ್ಲಿಗೆ ಮದುವೆಯಾಗಿ ಬಂದು ಅರವತ್ತು ವರ್ಷ ಆಯಿತಂತೆ. ‘ಅಕ್ಷರ ಇರೋ ಕಲ್ಲು ಒಂದು ಇತ್ತಲ್ಲಪ್ಪ. ಹಿಂದಿನ ಗೋಡೆಗೆ ಸೇರಿಸಿ ಕಟ್ಟಿದರು. ನಾನು ಅದರ ಮೇಲೆ ಅರಿಶಿನ ಹಚ್ಚುತ್ತಿದ್ದೆ’ ಅಂದರು.

ಇಪ್ಪತ್ತೈದು ವರ್ಷದ ಹಿಂದೆ ನಾನು ಅವರನ್ನು ಕೇಳಿರಲಿಲ್ಲ.

ಟಾರ್ಚ್ ಹಿಡಿದು ಹಿಂದೆ ಹೋಗಿ ನೋಡಿದೆವು. ಕಲ್ಲು ಇದೆ. ಎರಡಡಿ ಅಗಲ ಇರಬಹುದು. ಮೇಲೆ ಸುಣ್ಣ, ಅದರ ಮೇಲೆ ಆಯಿಲ್ ಪೇಂಟು. ಒಂದು ಮೂಲೆಯಲ್ಲಿ ಬಣ್ಣ ಎದ್ದಿದೆ, ಅಲ್ಲಿ ಅಕ್ಷರದ ಗೆರೆ ಹಾಗೆ ಏನೋ ಕಾಣುತ್ತದೆ. ಕನ್ನಡವೋ, ತಮಿಳೋ ನನಗೆ ತಿಳಿಯಲಿಲ್ಲ. ಹುಡುಗರು ಉಪ್ಪುಕಾಗದ ತಂದು ಉಜ್ಜಿಬಿಡೋಣ ಅನ್ನುತ್ತಿದ್ದಾರೆ. ಫಲಕದ ಕೆಲಸ ಸದ್ಯಕ್ಕೆ ನಿಂತಿದೆ.

ಶಾಸನ ಓದುವ ಹುಡುಗಿ:
ಮೇಷ್ಟ್ರೇ, ದಯವಿಟ್ಟು ಉಜ್ಜಲು ಬಿಡಬೇಡಿ! ಉಪ್ಪುಕಾಗದ, ಆಸಿಡ್, ತಂತಿ ಬ್ರಷ್ ಏನೂ ಬೇಡ. ಬಣ್ಣದ ಜೊತೆ ಅಕ್ಷರವೂ ಹೋಗುತ್ತದೆ. ಹುಡುಗರಿಗೆ ಈಗಲೇ ಫೋನ್ ಮಾಡಿ ಹೇಳಿ. ಈಗ ಮೂರು ಆಯಾಮದ ಸ್ಕ್ಯಾನ್ ಮಾಡಿ, ಸವೆದ ಅಕ್ಷರವನ್ನೂ ಓದುತ್ತಾರೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳಿಗೆ ಆ ಕೆಲಸ ಮಾಡುತ್ತಿದ್ದಾರೆ, ಅವರಿಗೂ ಒಂದು ಪತ್ರ ಬರೆಯೋಣ. ಅಷ್ಟರಲ್ಲಿ ನಾನು ಭಾನುವಾರ ಬೆಳಿಗ್ಗೆ 7ಕ್ಕೆ ಬರುತ್ತೇನೆ. ಆ ಹೊತ್ತಿಗೆ ಬಿಸಿಲು ಓರೆಯಾಗಿ ಬೀಳುತ್ತದೆ, ಗೆರೆ ಚೆನ್ನಾಗಿ ಕಾಣುತ್ತದೆ. ಪಡಿಯಚ್ಚು ತೆಗೆಯಲು ಕಾಗದ ತರುತ್ತೇನೆ, ಬಣ್ಣ ತೆಗೆಸಿದ ಮೇಲೆ ಬೇಕಾಗುತ್ತದೆ. ಆ ಅಮ್ಮನವರನ್ನೂ ಇರಲು ಹೇಳಿ. ಅವರು ನೋಡಿದಾಗ ಕಲ್ಲು ಯಾವ ಕಡೆ ಮುಖ ಮಾಡಿತ್ತು, ಎಲ್ಲಿ ನಿಂತಿತ್ತು ಅಂತ ಮೊದಲು ಅವರನ್ನು ಕೇಳಿ ಬರೆದುಕೊಳ್ಳಬೇಕು.

ರಾಜಾಜಿನಗರದಿಂದ:
ನಾನೂ ಬರಬಹುದಾ? ತಾತನ ಭೂತಗನ್ನಡಿ ಇದೆ, ತರುತ್ತೇನೆ.

ಬನಶಂಕರಿ ಮೇಷ್ಟ್ರು:
ಬನ್ನಿ. ತಿಂಡಿ ನಮ್ಮ ಮನೆಯಲ್ಲೇ. ಹುಡುಗರಿಗೆ ಹೇಳಿದ್ದೇನೆ, ಕಲ್ಲಿನ ಮುಂದೆ ಒಂದು ಬೆಂಚು ಅಡ್ಡ ಇಟ್ಟಿದ್ದಾರೆ.